ಹಳದಿಗೆ ತಿರುಗುವ ಹೊತ್ತು

ಹೊಗೆಸೊಪ್ಪಿನ ಎಲೆ ಗಿಡದಿಂದ ಮುರಿದ ಕೂಡಲೇ ಸಾಯುವುದಿಲ್ಲ. ಇನ್ನೂ ಒಂದೂವರೆ ದಿನ, ಎರಡು ದಿನ ಜೀವ ಹಿಡಿದುಕೊಂಡಿರುತ್ತದೆ. ಬೇರಿನ ನೀರಿಲ್ಲ, ಬಿಸಿಲಿಲ್ಲ. ತನ್ನೊಳಗೆ ಕೂಡಿಟ್ಟ ಪಿಷ್ಟವನ್ನೇ ಸಕ್ಕರೆ ಮಾಡಿಕೊಂಡು ಉಸಿರಾಡುತ್ತದೆ. ಹೀಗೆ ತನ್ನನ್ನು ತಾನೇ ತಿಂದುಕೊಳ್ಳುತ್ತಿರುವಾಗ ಹಸಿರು ಕಳಚುತ್ತದೆ, ಅದರ ಅಡಿಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಮೇಲೆ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಸಾವಿರಾರು ಮನೆಗಳ ವರ್ಷದ ಅನ್ನ ಈ ಎರಡು ದಿನಗಳಲ್ಲಿ ಇದೆ. ಬಿಸಿ ಅವಸರದಲ್ಲಿ ಏರಿದರೆ ಎಲೆ ಹಸಿರಾಗಿಯೇ ಸತ್ತುಹೋಗುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಆ ಹಸಿರು ಬಿಡುವುದಿಲ್ಲ. ತಡವಾದರೆ ಹಳದಿಯನ್ನೂ ದಾಟಿ ಕಂದುಬಣ್ಣಕ್ಕೆ ಹೋಗುತ್ತದೆ. ಎರಡಕ್ಕೂ ಹರಾಜಿನಲ್ಲಿ ಮುಖ ತಿರುಗಿಸುವವರೇ ಹೆಚ್ಚು.

ಅನಿತ್ಯದ ಬಗ್ಗೆ ನಾವು ಓದಿದ್ದು, ಕೇಳಿದ್ದು ಬಹುತೇಕ ಒಂದೇ ಮಾತು: ಎಲ್ಲವೂ ಅಳಿಯುತ್ತದೆ, ಅಂಟಿಕೊಳ್ಳಬೇಡ. ಮಾತು ಸರಿಯೇ ಇದೆ. ಆದರೆ ಅಳಿಯುವುದಕ್ಕೂ ಒಂದು ವೇಗ ಇರುತ್ತದೆ, ಆ ವೇಗವನ್ನು ಕಾಯುವುದೂ ಒಂದು ದುಡಿಮೆ ಎಂದು ಯಾವ ಪ್ರವಚನದಲ್ಲೂ ಕೇಳಿದ ನೆನಪು ನನಗಿಲ್ಲ. ಅದನ್ನು ಕಂಡದ್ದು ಲಕ್ಷ್ಮಣತೀರ್ಥದ ಕಣಿವೆಯಲ್ಲಿ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ.

ಈ ಹೊಳೆ ಹುಟ್ಟುವುದು ಕೊಡಗಿನ ಬ್ರಹ್ಮಗಿರಿಯಲ್ಲಿ. ಇರ್ಪುವಿನಲ್ಲಿ ಧುಮುಕಿ, ಕಾಡಂಚಿನ ಊರುಗಳನ್ನು ಹಾಯ್ದು, ಹನಗೋಡಿನ ಅಣೆಕಟ್ಟೆಯಲ್ಲಿ ಒಂದಿಷ್ಟು ನಿಂತು, ಹುಣಸೂರನ್ನು ದಾಟಿ ಕೊನೆಗೆ ಕನ್ನಂಬಾಡಿಯ ಹಿನ್ನೀರಿಗೆ ಸೇರುತ್ತದೆ. ಕುಟ್ಟದಿಂದ ನಾಗರಹೊಳೆ ಕಾಡಿನೊಳಗಿನ ರಸ್ತೆ ಹಿಡಿದು ಇಳಿದರೆ, ಕಾಡು ಮುಗಿದ ಕಡೆಯಿಂದಲೇ ಕೆಂಪು ಮರಳುಮಣ್ಣಿನ ಹೊಲಗಳು ಶುರು. ಆಗಸ್ಟ್ ಹೊತ್ತಿಗೆ ಆ ಹೊಲಗಳಲ್ಲಿ ಎದೆಮಟ್ಟದ ಗಿಡ, ಮೊಳದುದ್ದದ ಎಲೆ. ನಡುನಡುವೆ ಕಿಟಕಿಯಿಲ್ಲದ, ಮನೆಗಿಂತ ಎತ್ತರದ ಚೌಕ ಕಟ್ಟಡಗಳು, ತಲೆಯ ಮೇಲೆ ಹೆಂಚು ಅಥವಾ ತಗಡು, ಪಕ್ಕದಲ್ಲಿ ಸೌದೆಯ ರಾಶಿ. ಇವೇ ಬ್ಯಾರನ್ನುಗಳು. ಹೊಸಬರು ಇವನ್ನು ಮನೆಗಳೆಂದು ತಿಳಿದು, ಕಿಟಕಿ ಯಾಕಿಲ್ಲ ಎಂದು ಕೇಳುವುದುಂಟು.

ಬೀಜದಿಂದಲೇ ಈ ಬೆಳೆಯ ಲೆಕ್ಕ ಬೇರೆ. ಒಂದು ಗ್ರಾಂ ತೂಕಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬೀಜ. ಅಂಗೈಯ ರೇಖೆಯೊಳಗೆ ಕೂತರೆ ಕಾಣುವುದಿಲ್ಲ, ಒಮ್ಮೆ ಉಸಿರು ಬಿಟ್ಟರೆ ಒಂದು ಎಕರೆಯ ಬೆಳೆ ಹಾರಿಹೋದೀತು. ಸಸಿಮಡಿಯಲ್ಲಿ ಮೊಳೆಸಿ, ಟ್ರೇಗೆ ಬದಲಾಯಿಸಿ, ಮೇ ತಿಂಗಳ ಮಳೆ ನೋಡಿಕೊಂಡು ಹೊಲಕ್ಕೆ ನೆಡುತ್ತಾರೆ. ಬಹುಮಂದಿ ಇಡುವುದು 'ಕಾಂಚನ್' ತಳಿ. ಗಿಡ ಬೆಳೆದು ತುದಿಯಲ್ಲಿ ಮೊಗ್ಗು ಕಟ್ಟಿ, ತಿಳಿಗುಲಾಬಿ ಹೂವು ಬರುವ ಸಮಯಕ್ಕೆ ಕುಡಿ ಮುರಿದುಬಿಡುತ್ತಾರೆ. ಬೀಜಕ್ಕೆ ಹೋಗಬೇಕಾದ ಸಾರ ಎಲೆಗೆ ಇಳಿಯಲಿ ಎಂದು. ಗಿಡ ಸುಮ್ಮನಿರುವುದಿಲ್ಲ, ಎಲೆಯ ಕಂಕುಳಲ್ಲಿ ಮತ್ತೆ ಕುಡಿ ಹೊರಡಿಸುತ್ತದೆ. ಅದನ್ನೂ ಚಿವುಟಬೇಕು. ಮತ್ತೆ ಬರುತ್ತದೆ, ಮತ್ತೆ ಚಿವುಟಬೇಕು. ಸಂತಾನ ಬೇಕೆಂದು ಗಿಡ, ಬೇಡವೆಂದು ರೈತ. ತಿಂಗಳುಗಟ್ಟಲೆ ಈ ಜಗ್ಗಾಟ ನಡೆಯುತ್ತದೆ. ತನ್ನ ಮುಂದಿನ ತಲೆಮಾರನ್ನು ಕಳೆದುಕೊಂಡ ಗಿಡವೇ ಒಳ್ಳೆಯ ಎಲೆ ಕೊಡುತ್ತದೆ ಎಂಬುದು ಕೇಳಲು ಕ್ರೂರ. ಸಂಸಾರ ಬಿಟ್ಟವರನ್ನು ನಾವು ಹೊಗಳುವಾಗ ಇಷ್ಟೇ ಕ್ರೂರವಾದದ್ದನ್ನು ಹೇಳುತ್ತಿರುತ್ತೇವೆ, ಆದರೆ ಅಲ್ಲಿ ಅದು ಕಿವಿಗೆ ಹಿತವಾಗಿರುತ್ತದೆ.

ಸೊಪ್ಪು ಮುರಿಯುವುದು ಕೆಳಗಿನಿಂದ ಮೇಲಕ್ಕೆ. ಗಿಡದ ಎಲೆಗಳೆಲ್ಲ ಒಟ್ಟಿಗೆ ಮಾಗುವುದಿಲ್ಲ, ಬುಡದವು ಮೊದಲು. ವಾರಕ್ಕೊಮ್ಮೆ ಗಿಡಕ್ಕೆ ಎರಡೋ ಮೂರೋ ಎಲೆ. ಮಾಗಿದ್ದನ್ನು ಗುರುತಿಸುವುದು ಕಣ್ಣಿನಿಂದಲೂ ಹೌದು, ಕಿವಿಯಿಂದಲೂ ಹೌದು: ಹದವಾದ ಎಲೆ ಕಾಂಡದಿಂದ ಚಟಕ್ಕೆಂದು ಬರುತ್ತದೆ. ಬೆಳಿಗ್ಗೆ ಇಬ್ಬನಿಯಲ್ಲಿ ಒದ್ದೆಯಾದ ಎಲೆ ಮುರಿಯುವವರಿಗೆ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ನೀರಿನ ಜೊತೆ ನಿಕೋಟಿನ್ ಚರ್ಮದೊಳಗೆ ಇಳಿಯುವುದರಿಂದ. ಒಂದು ಬೀಡಿಯನ್ನೂ ಸೇದದ ಹೆಂಗಸರಿಗೆ ಇದು ಹೆಚ್ಚು. ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂತು ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುವವರೂ ಬಹುತೇಕ ಅವರೇ. ಅವರೊಬ್ಬರ ಕೈ ನೋಡಿದೆ. ಎಲೆಯ ರೋಮಗಳಿಂದ ಒಸರುವ ಅಂಟು ಬೆರಳಿಗೆ ಹತ್ತಿ, ಅದರ ಮೇಲೆ ಧೂಳು ಕೂತು, ಮತ್ತೆ ಅಂಟು ಹತ್ತಿ, ಉಗುರಿನ ಸುತ್ತ ಟಾರಿನ ಹಾಗೆ ಕಪ್ಪು ಪದರ ಕಟ್ಟಿತ್ತು. "ಸೋಪು ಹಾಕಿ ಎಷ್ಟ್ ಉಜ್ಜುದ್ರೂ ಹೋಗಲ್ಲ ಕಣಣ್ಣ, ಮುದ್ದೆ ಮುರುದ್ರೆ ಮುದ್ದೇನೂ ಕಯ್ಯಿ" ಎಂದರು. ಹಂಗಾಮು ಮುಗಿದು ಎಷ್ಟೋ ದಿನಗಳ ಮೇಲೆ, ಚರ್ಮವೇ ಹೊಸದಾಗಿ ಬಂದಾಗ, ಊಟದ ರುಚಿ ಮರಳುತ್ತದಂತೆ.

ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಅಟ್ಟದ ಮೇಲೆ ಅಟ್ಟವಾಗಿ ತುಂಬಿ, ಬಾಗಿಲು ಬಿಗಿದು, ಹೊರಗಿನ ಒಲೆಗೆ ಬೆಂಕಿ ಹಾಕುತ್ತಾರೆ. ಇಲ್ಲೊಂದು ಸೋಜಿಗ. ಮುಂದೆ ಹೊಗೆಯಾಗಿಯೇ ಹೋಗಬೇಕಾದ ಈ ಎಲೆಗೆ ಇಲ್ಲಿ ಹೊಗೆ ಸೋಕುವಂತಿಲ್ಲ. ಒಲೆಯ ಉರಿ, ಹೊಗೆ ಎರಡೂ ದಪ್ಪ ತಗಡಿನ ಕೊಳವೆಯೊಳಗೆ ಹಾದು, ನೆಲದ ಮೇಲೆ ಒಂದು ಸುತ್ತು ಬಂದು, ಚಿಮಣಿಯಿಂದ ಆಚೆ ಹೋಗುತ್ತವೆ. ಕೊಳವೆಯ ಕಾವು ಮಾತ್ರ ಎಲೆಗೆ ತಾಗುತ್ತದೆ. ಕೊಳವೆ ಎಲ್ಲಾದರೂ ತೂತಾಗಿ ಹೊಗೆ ಒಳಗೆ ಹೊಕ್ಕರೆ ಎಲೆಗೆ ವಾಸನೆ ಹತ್ತಿ ದರ ಬಿದ್ದುಹೋಗುತ್ತದೆ. ಮಗಳನ್ನು ಮದುವೆಯ ತನಕ ಬಿಸಿಲಿಗೆ ಬಿಡದ ಹಳೆಯ ಕಾಲದ ತಾಯಂದಿರಂತೆ, ಹೊಗೆಗೆಂದೇ ಬೆಳೆಸಿದ ಸೊಪ್ಪನ್ನು ಹೊಗೆಯಿಂದ ಕಾಪಾಡುತ್ತಾರೆ.

ಮೊದಲು ಮೂವತ್ತೈದು ನಲವತ್ತು ಡಿಗ್ರಿಯ ಆಸುಪಾಸಿನಲ್ಲಿ, ತೇವ ಬಿಡದೆ, ಹಳದಿ ಬರುವ ತನಕ. ಹಳದಿ ಬಂದ ಕ್ಷಣದಲ್ಲಿ ಗಾಳಿಕಿಂಡಿ ತೆರೆದು, ಕಾವು ಏರಿಸಿ, ಬಣ್ಣ ಅಲ್ಲೇ ನಿಲ್ಲುವ ಹಾಗೆ ಎಲೆಯನ್ನು ಒಣಗಿಸುವುದು. ಕೊನೆಗೆ ದಪ್ಪ ನಡುನರ ಒಣಗಲು ಎಪ್ಪತ್ತು ಡಿಗ್ರಿಯವರೆಗೆ. ಒಟ್ಟು ಐದಾರು ದಿನ, ಐದಾರು ರಾತ್ರಿ. ಒಲೆಯ ಬದಿಯಲ್ಲೇ ಗೋಣಿಚೀಲ ಹಾಸಿಕೊಂಡು ಒಬ್ಬರು ಮಲಗಿರಬೇಕು. ಮಲಗುವುದೆಂದರೆ ಗಂಟೆಗೊಮ್ಮೆ ಎದ್ದು ಥರ್ಮಾಮೀಟರಿಗೆ ಟಾರ್ಚು ಬಿಡುವುದು. ಸಣ್ಣ ಕಿಂಡಿಯಿಂದ ನಾನೂ ಒಳಗೆ ಇಣುಕಿದೆ. ಕಡ್ಡಿ ಕಡ್ಡಿಯಿಂದ ಜೋತುಬಿದ್ದ ಎಲೆಗಳ ಅಂಚು ಹಳದಿಗೆ ತಿರುಗಿತ್ತು, ನರದ ಆಚೀಚೆ ಇನ್ನೂ ಹಸಿರಿತ್ತು. ಬೇಯಿಸಿದ ಗೆಣಸಿನದೋ ಹೊಸ ಹುಲ್ಲಿನದೋ ಎಂದು ಹೇಳಲಾಗದ ಸಿಹಿವಾಸನೆ. ಸಿಗರೇಟಿನ ವಾಸನೆಗೂ ಇದಕ್ಕೂ ಸಂಬಂಧವೇ ಇಲ್ಲ.

ಬೆಂಕಿ ಕಾಯುತ್ತಿದ್ದವರು ಎಪ್ಪತ್ತು ದಾಟಿದ ಅಜ್ಜ. ಅವರ ಎದುರು ಕೂತಾಗ ನನಗೆ 'ಮಿಲಿಂದಪಞ್ಹ'ದ ದೀಪ ನೆನಪಾಯಿತು. ಯವನ ದೊರೆ ಮಿಲಿಂದ ಭಿಕ್ಷು ನಾಗಸೇನರನ್ನು ಕೇಳುತ್ತಾನೆ: ಮತ್ತೆ ಹುಟ್ಟಿದವನು ಅವನೇನಾ, ಬೇರೆಯವನಾ? ನಾಗಸೇನರು ರಾತ್ರಿಯಿಡೀ ಉರಿಯುವ ದೀಪವನ್ನು ತೋರಿಸುತ್ತಾರೆ. ಮೊದಲ ಜಾವದ ಜ್ವಾಲೆ, ನಡುಜಾವದ ಜ್ವಾಲೆ, ಕೊನೆಯ ಜಾವದ ಜ್ವಾಲೆ ಒಂದೇ ಅಲ್ಲ; ಹಾಗೆಂದು ಬೇರೆ ಬೇರೆ ದೀಪವೂ ಅಲ್ಲ. ಬೌದ್ಧ ಚಿಂತನೆಯ ಅತಿ ಸುಂದರ ಉಪಮೆಗಳಲ್ಲಿ ಅದೂ ಒಂದು. ನನ್ನ ತಲೆಹರಟೆ ತಡೆಯಲಾರದೆ ಅಜ್ಜನನ್ನು ಕೇಳಿಯೇಬಿಟ್ಟೆ, ಮೊದಲ ದಿನದ ಬೆಂಕಿ, ಈವತ್ತಿನ ಬೆಂಕಿ ಒಂದೇನಾ ಅಜ್ಜ ಎಂದು.

"ಒಂದೇ ಇರ್ಬೇಕು ಸಾ. ಇಲ್ದಿದ್ರೆ ಸೊಪ್ಪು ಕೆಡ್ತದೆ. ಮೊನ್ನೆ ನೀಲಗಿರಿ ಸೌದೆ ಹಾಕ್ದೋ, ಈವತ್ತು ಸಿಲ್ವರು. ರಾತ್ರಿ ನನ್ ಮಗ ಕೂತಿದ್ದ, ಈಗ ನಾನು. ಸೌದೆ ಬದ್ಲಾಗ್ಲಿ, ಆಳು ಬದ್ಲಾಗ್ಲಿ, ಕಾವು ಬದ್ಲಾಗ್ಬಾರ್ದು."

ಇದರಲ್ಲಿ ದೊಡ್ಡ ದರ್ಶನ ಹುಡುಕಬಾರದು. ಕೆಲಸ ಗೊತ್ತಿರುವವರು ಕೆಲಸದ ಮಾತು ಹೇಳಿದರು ಅಷ್ಟೆ. ಹಾಗಿದ್ದರೂ ನಾಗಸೇನರ ಉಪಮೆಯಲ್ಲಿ ಒಬ್ಬರು ಕಾಣಿಸುವುದಿಲ್ಲ ಎಂದು ಆಗ ಹೊಳೆಯಿತು: ದೀಪಕ್ಕೆ ಎಣ್ಣೆ ಹಾಕಿದವರು. ಜ್ವಾಲೆ ಒಂದು ಜಾವದಿಂದ ಇನ್ನೊಂದು ಜಾವಕ್ಕೆ ತಾನಾಗಿ ದಾಟಿಕೊಂಡಿತು ಎನ್ನುವ ಹಾಗೆ ಆ ಮಾತು ಇದೆ. ದಾಟಿಸಿದವರು ನಿದ್ದೆಗೆಟ್ಟಿರುತ್ತಾರೆ. ಕ್ಷಣಭಂಗುರವಾದ ವಸ್ತುಗಳ ನಡುವೆ ಯಾವುದೋ ಒಂದು ಸಮನಾಗಿ ಉಳಿದಿದೆ ಎಂದರೆ, ಅಲ್ಲಿ ಯಾರೋ ಕೂತಿದ್ದಾರೆ ಎಂದು ಅರ್ಥ. ಅವರ ಕೆಲಸ ಅಳಿವನ್ನು ತಡೆಯುವುದಲ್ಲ. ಸೊಪ್ಪು ಹೇಗೂ ಸಾಯುತ್ತದೆ, ಸಾಯಲೇಬೇಕು. ಅವಸರ ಆಗದಂತೆ, ತಡವೂ ಆಗದಂತೆ ಅದನ್ನು ಆ ದಡ ಸೇರಿಸುವುದು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರಿಗೆ ಈ ಕೆಲಸದ ಪರಿಚಯ ಇರುತ್ತದೆ.

ಇಷ್ಟು ಕಾದರೂ ಕೆಲವೊಮ್ಮೆ ಕೈಕೊಡುತ್ತದೆ. ಒಣಗಿದ ಒಂದೇ ಒಂದು ಎಲೆ ದಾರದಿಂದ ಜಾರಿ ಕೆಂಪಗೆ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ನಿಮಿಷಗಳಲ್ಲಿ ಬ್ಯಾರನ್ನು ಪೂರಾ ಉರಿದುಹೋಗುತ್ತದೆ. ಹಂಗಾಮಿನಲ್ಲಿ ಮೈಸೂರಿನ ಪತ್ರಿಕೆಗಳ ಜಿಲ್ಲಾಪುಟದಲ್ಲಿ ಇಂಥ ಸುದ್ದಿ ನಾಲ್ಕು ಸಾಲಿನಲ್ಲಿ ಬರುತ್ತದೆ. ಬೆಂಕಿ ತಪ್ಪಿಸಿಕೊಂಡ ಎಲೆಗೆ ಬೇರೆ ಪರೀಕ್ಷೆ. ಬೆಂದು ಇಳಿದಾಗ ಅದು ಮುಟ್ಟಿದರೆ ಪುಡಿಯಾಗುತ್ತದೆ. ಐದು ರಾತ್ರಿಯ ದುಡಿಮೆ ಹಿಡಿದೆತ್ತಲು ಬರುವುದಿಲ್ಲ. ಬ್ಯಾರನ್ನಿನ ಬಾಗಿಲು, ಕಿಂಡಿ ತೆರೆದು ರಾತ್ರಿಯ ತಂಪುಗಾಳಿ ಒಳಗೆ ಬಿಡುತ್ತಾರೆ. ಬೆಳಗಿನ ಜಾವಕ್ಕೆ ಎಲೆ ಮೆತ್ತಗಾಗಿ, ಬಟ್ಟೆಯ ಹಾಗೆ ಮಡಚಲು ಬರುತ್ತದೆ. ಬೇಯಿಸಿ ಓಡಿಸಿದ ನೀರಿನಲ್ಲಿ ಒಂದು ಪಾಲನ್ನು ಮತ್ತೆ ಗಾಳಿಯಿಂದ ಸಾಲ ಪಡೆಯಬೇಕು. ಹೆಚ್ಚು ಪಡೆದರೆ ಬೂಷ್ಟು.

ಇಷ್ಟೆಲ್ಲ ಆದ ಮೇಲೆ ವಿಂಗಡಣೆ, ಬೇಲು, ಹರಾಜು. 1975ರ ಕಾಯ್ದೆಯಡಿ ಹುಟ್ಟಿ, 1976ರಿಂದ ಗುಂಟೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ತಂಬಾಕು ಮಂಡಳಿ ಇದನ್ನು ನಡೆಸುತ್ತದೆ. ಕರ್ನಾಟಕದಲ್ಲಿ ಹರಾಜು ಪದ್ಧತಿ ಶುರುವಾದದ್ದು 1984ರಲ್ಲಿ. ಎಷ್ಟು ಬೆಳೆಯಬೇಕೆಂದು ವರ್ಷವರ್ಷ ಮಿತಿ ಹಾಕುವುದೂ ಅದೇ. ಈಚಿನ ಹಂಗಾಮುಗಳಲ್ಲಿ ಅದು ರಾಜ್ಯಕ್ಕೆ 10 ಕೋಟಿ ಕೆಜಿಯ ಆಸುಪಾಸು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ರಾಮನಾಥಪುರದ ಹರಾಜು ಕಟ್ಟೆಗಳಲ್ಲಿ ಬೇಲುಗಳ ಸಾಲು, ಕೈಯಲ್ಲಿ ಯಂತ್ರ ಹಿಡಿದ ಖರೀದಿದಾರರು, ಒಂದು ಬೇಲಿಗೆ ಕೆಲವೇ ಸೆಕೆಂಡು. ಆರು ತಿಂಗಳ ಬೆಳೆ, ಐದು ರಾತ್ರಿಯ ಬೆಂಕಿ, ಕೆಲವು ಸೆಕೆಂಡಿನ ಬೆಲೆ. ಯಾರೂ ಕೂಗದಿದ್ದರೆ ಬೇಲು ಬಂದ ಗಾಡಿಯಲ್ಲೇ ಮನೆಗೆ.

ಇದೇ ಸೀಮೆಯಲ್ಲಿ, ಬೈಲಕುಪ್ಪೆಯಲ್ಲೂ ಹುಣಸೂರಿನ ಗುರುಪುರದಲ್ಲೂ, ಟಿಬೆಟನ್ನರ ಮಠಗಳಿವೆ. ಭಿಕ್ಷುಗಳು ಬಣ್ಣದ ಮರಳಿನಿಂದ ದಿನಗಟ್ಟಲೆ ಮಂಡಲ ಬಿಡಿಸಿ, ಪೂಜೆ ಮುಗಿದ ಮೇಲೆ ಅದನ್ನು ಗುಡಿಸಿ ನೀರಿಗೆ ಬಿಡುವ ಪದ್ಧತಿ ಎಲ್ಲರಿಗೂ ಗೊತ್ತು. ಅನಿತ್ಯದ ಬಗ್ಗೆ ಬರೆಯುವವರು ಈ ದಾರಿಯಲ್ಲಿ ಬಂದರೆ ಮೊದಲು ಹೋಗುವುದು ಅಲ್ಲಿಗೇ. ನನಗೆ ಆ ಮರಳಿನ ಬಗ್ಗೆ ಗೌರವವಿದೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಮನಸ್ಸು ಬರುವುದಿಲ್ಲ. ಮಂಡಲ ಅಳಿಸುವವರು ಅಳಿಸುವ ದಿನವನ್ನು ತಾವೇ ಗೊತ್ತುಮಾಡಿಕೊಂಡಿರುತ್ತಾರೆ. ಆ ಮರಳಿನ ಮೇಲೆ ಬ್ಯಾಂಕಿನ ಬೆಳೆಸಾಲ ಇರುವುದಿಲ್ಲ. ಬಿಟ್ಟುಕೊಡುವುದು ಬೇರೆ, ಕಳೆದುಕೊಳ್ಳುವುದು ಬೇರೆ.

ಅಳಿವಿನ ಮಾತು ಬಂದಾಗ ಇತಿಹಾಸವೂ ಒಂದು ಕುಚೋದ್ಯ ಮಾಡಿದೆ. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಡುವಣ ತೀರಕ್ಕೆ ಬಂತು. ಮೊಗಲ್ ಆಸ್ಥಾನಕ್ಕೆ ಅದನ್ನು ಕೊಂಡೊಯ್ದದ್ದು ನಮ್ಮ ವಿಜಾಪುರದಿಂದ. ಅಕ್ಬರನ ರಾಯಭಾರಿಯಾಗಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಬಳಿಗೆ ಬಂದಿದ್ದ ಅಸದ್ ಬೇಗ್ ವಿಜಾಪುರದಲ್ಲಿ ಹೊಗೆಸೊಪ್ಪು ಕಂಡು, ರತ್ನದ ಕೆಲಸ ಮಾಡಿಸಿದ ಕೊಳವೆಯ ಜೊತೆ ದೊರೆಗೆ ಒಪ್ಪಿಸಿದ. ವೈದ್ಯರು ಬೇಡವೆಂದರೂ ಅಕ್ಬರ್ ಒಂದೆರಡು ದಮ್ಮು ಎಳೆದ ಎಂದು ಅವನೇ ಬರೆದಿಟ್ಟಿದ್ದಾನೆ. 1605ರಲ್ಲಿ ಅಕ್ಬರ್ ತೀರಿಕೊಂಡ. 1617ರಲ್ಲಿ ಜಹಾಂಗೀರ್ ಹೊಗೆಸೊಪ್ಪು ನಿಷೇಧಿಸಿದ. ಆ ನಿಷೇಧವೂ ಹೋಯಿತು, ಆದಿಲ್‌ಶಾಹಿಯೂ ಹೋಯಿತು, ಮೊಗಲರೂ ಹೋದರು. ಹೊಗೆ ಉಳಿಯಿತು. ಕೋಟೆ ಕಟ್ಟಿದವರಿಗೆ ಸಿಗದ ಆಯುಸ್ಸು ಅದಕ್ಕೆ ಸಿಕ್ಕಿದೆ.

ಆ ಆಯುಸ್ಸಿಗೆ ಬೆಲೆ ತೆರುವವರು ಬೇರೆ. ತಂಬಾಕಿನಿಂದ ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ, ಭಾರತದಲ್ಲೇ 13 ಲಕ್ಷಕ್ಕೂ ಮೇಲೆ. ಈ ಲೆಕ್ಕವನ್ನು ಮರೆತು ಬ್ಯಾರನ್ನಿನ ಸಿಹಿವಾಸನೆಯನ್ನು ವರ್ಣಿಸುವುದು ಅಪ್ರಾಮಾಣಿಕತೆ. ಒಂದು ಕಿಲೋ ಎಲೆ ಬೇಯಲು ನಾಲ್ಕೈದು ಕಿಲೋ ಸೌದೆ ಬೇಕು ಎಂಬುದೂ ಹಾಗೆಯೇ; ಕಾಡಂಚಿನ ಊರಿನಲ್ಲಿ ನಿಂತು ಅದನ್ನು ನೆನೆಯುವುದು ಸುಲಭವಲ್ಲ. ಅಜ್ಜನ ಮನೆಯಲ್ಲಿ ಯಾರೂ ಸಿಗರೇಟು ಸೇದುವುದಿಲ್ಲ. ಸೊಪ್ಪಿನ ದೊಡ್ಡ ಪಾಲು ಪರದೇಶಕ್ಕೆ ಹೋಗುತ್ತದೆ. ಎಲ್ಲಿಯೋ, ಯಾರದೋ ಎದೆಯೊಳಗೆ ನಾಲ್ಕೈದು ನಿಮಿಷ ಉರಿದು ಮುಗಿಯುವ ವಸ್ತುವಿಗೆ ಇಲ್ಲಿ ಇಷ್ಟು ರಾತ್ರಿ ಕಾಯುತ್ತಾರೆ. ಇದು ತಪ್ಪೇ ಎಂದು ಕೇಳಿದರೆ, ತಪ್ಪು ಎನ್ನುವ ಉತ್ತರ ನನ್ನ ಬಳಿ ಇದೆ. ಅದನ್ನು ಆ ಕಪ್ಪುಬೆರಳಿನ ಹೆಣ್ಣುಮಗಳ ಮುಂದೆ ಹೇಳುವ ಹಕ್ಕು ಇಲ್ಲ. ಭಾರತ 2004ರಲ್ಲೇ ಒಪ್ಪಿಕೊಂಡ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಬೆಳೆಗಾರರಿಗೆ ಬೇರೆ ಜೀವನೋಪಾಯ ಒದಗಿಸಬೇಕು ಎಂಬ ಮಾತಿದೆ. ಮಾತು ಇನ್ನೂ ಇದೆ.

ಇದೇ ಹೊಲಗಳಲ್ಲಿ ಇನ್ನೊಂದು ಬೆಳೆಯಿದೆ. ಸೊಪ್ಪು ಮುರಿದು ಮುಗಿಯುತ್ತ ಬಂದ ಹಾಗೆ, ಹಿಂಗಾರಿನ ಹನಿ ನೋಡಿಕೊಂಡು, ಅದೇ ಮಣ್ಣಿಗೆ ರಾಗಿಯನ್ನೋ ಹುರುಳಿಯನ್ನೋ ಹಾಕುತ್ತಾರೆ. ಒಂದು ಹೊಗೆಯಾಗಲೆಂದೇ ಬೆಳೆಯುವ ಗಿಡ; ಇನ್ನೊಂದು ಹುಳುವಿಗೂ ಕಾಲಕ್ಕೂ ಸುಲಭವಾಗಿ ಸೋಲದ ಕಾಳು. ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಾನುಗಟ್ಟಲೆ ಕೆಡದೆ ಇರುತ್ತದೆ. ಬರ ಬಂದ ವರ್ಷ ಹಗೇವು ತೆಗೆದ ಕತೆ ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿದೆ. ಅಜ್ಜನ ಮನೆಯಲ್ಲೂ ಇತ್ತಂತೆ. ಎಲ್ಲಿ ಎಂದು ಕೇಳಿದೆ. ಬ್ಯಾರನ್ನಿನ ಸೌದೆ ಒಟ್ಟಿದ್ದ ಜಾಗ ತೋರಿಸಿದರು. ಮಣ್ಣು ತುಂಬಿ ಮುಚ್ಚಿ ಬಹಳ ಕಾಲವಾಗಿತ್ತು. ಬೆಳೆದ ರಾಗಿ ಈಗ ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹೋಗುತ್ತದೆ, ಕೂಡಿಡುವ ಗೊಡವೆ ಯಾರಿಗಿದೆ. ಉಳಿಯುವುದಕ್ಕೆಂದೇ ಮಾಡಿದ ಗುಂಡಿ ಮೊದಲು ಹೋಯಿತು. ಹೊಗೆಯಾಗುವುದಕ್ಕೆಂದೇ ಕಟ್ಟಿದ ಬ್ಯಾರನ್ನು ಇನ್ನೂ ನಿಂತಿದೆ.

ಅದಕ್ಕೂ ದಿನ ಎಣಿಸುತ್ತಿರುವವರಿದ್ದಾರೆ. ನಾನು ಕೂತಿದ್ದಾಗಲೇ ಮಗ ಬಂದು ಮುಂದಿನ ವರ್ಷ ಅರ್ಧ ಹೊಲಕ್ಕೆ ಅಡಿಕೆ ಇಡುವ ಮಾತು ತೆಗೆದ. "ಅಡಿಕೆ ಆದ್ರೆ ಮೂವತ್ ವರ್ಷ ಕೂತ್ಕಂಡ್ ತಿನ್ಬೋದು ಅಪ್ಪಯ್ಯ." ಕಡ್ಡಿ ಕಟ್ಟುತ್ತಿದ್ದ ಸೊಸೆ ತಲೆಯೆತ್ತದೆಯೇ, ಅಡಿಕೆ ಕೈಗೆ ಬರಲು ಐದಾರು ವರ್ಷ, ಅಲ್ಲಿಯವರೆಗೆ ಹುಡುಗರ ಫೀಸು ಯಾರು ಕಟ್ಟುತ್ತಾರೆ ಎಂದರು. ಶುಂಠಿ ಹಾಕಿದ್ದ ವರ್ಷ ಕೊಳೆರೋಗ ಬಂದು ಗಡ್ಡೆ ನೆಲದಲ್ಲೇ ಕರಗಿದ್ದನ್ನೂ ನೆನಪಿಸಿದರು. ಅಜ್ಜ ಇಬ್ಬರ ಮಾತನ್ನೂ ಕೇಳಿ, "ಅಡ್ಕೆಗೆ ನೀರೆಲ್ಲದೆ? ಮೊದ್ಲು ಬೋರು ಬುಡ್ಸು, ಆಮೇಲ್ ಮೂವತ್ ವರ್ಷದ್ ಮಾತಾಡು" ಎಂದರು. ಮಗ ಊರಿನಲ್ಲಿ ಯಾರ ಯಾರ ಬೋರು ಎಷ್ಟೆಷ್ಟು ಅಡಿಗೆ ಹೋಗಿ ಒಣಗಿದೆ ಎಂದು ಒಂದೊಂದಾಗಿ ಹೇಳತೊಡಗಿದ.